ಎಡಕ್ಕೆ ಹೋಗಿ ನೋಡಿ: ನಾನು ಆಡಿದ ಮೆಟ್ರಾಯ್ಡ್‌ವೇನಿಯಾ ಗೇಮ್‌ಗಳು

1986ರ 'ಮೆಟ್ರಾಯ್ಡ್' ಶುರು ಮಾಡಿದ ಕೂಡಲೇ ನಾನು ಸೀದಾ ಬಲಕ್ಕೆ ಓಡಿದೆ. ಬೇರೆ ಯೋಚನೆಯೇ ಬರಲಿಲ್ಲ. ನಾನು ಚಿಕ್ಕವಳಿದ್ದಾಗ ಬಳ್ಳಾರಿಯ ಕೌಲ್ ಬಜಾರ್‌ನ ನಮ್ಮ ಮನೆಯಲ್ಲಿ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಗೇಮ್ ಇತ್ತು. ಅಣ್ಣನ ಜೊತೆ ಕೂತು ಮಾರಿಯೋ, ಕಾಂಟ್ರಾ ಆಡಿ ಬೆಳೆದವಳು ನಾನು. ಆ ಆಟಗಳಲ್ಲಿ ಮುಂದೆ ಹೋಗುವುದು ಅಂದರೆ ಹೆಚ್ಚಾಗಿ ಬಲಕ್ಕೆ ಹೋಗುವುದು.

ಇಲ್ಲಿ ಬಲಕ್ಕೆ ಹೋದರೆ ಸ್ವಲ್ಪ ದೂರದಲ್ಲಿ ಮೊಣಕಾಲೆತ್ತರದ ಒಂದು ಸಂದು ಬರುತ್ತೆ. ಆಟದ ನಾಯಕಿ ಸ್ಯಾಮಸ್ ಅದರಲ್ಲಿ ತೂರಲಾರಳು. ಹಾರಿದೆ, ಗುಂಡು ಹೊಡೆದೆ, ಏನೂ ಆಗಲಿಲ್ಲ. ಪಕ್ಕದಲ್ಲಿ ಅಣ್ಣನ ಮಗ ಪುಟ್ಟು ಕೂತಿದ್ದ. ಆಗ ಅವನು ಐದನೇ ಕ್ಲಾಸು. "ಅತ್ತೆ, ಶುರುವಾದ ಜಾಗದಿಂದ ಎಡಕ್ಕೆ ಏನೈತಿ ನೋಡು" ಅಂದ.

ಎಡಕ್ಕೆ ನಾಲ್ಕು ಹೆಜ್ಜೆ ದೂರದಲ್ಲೇ ಒಂದು ಗುಂಡಗಿನ ವಸ್ತು ಕಾಯುತ್ತಿತ್ತು. ಅದನ್ನು ತೆಗೆದುಕೊಂಡರೆ ಸ್ಯಾಮಸ್ ಮುದುಡಿ ಚೆಂಡಾಗುತ್ತಾಳೆ. ಚೆಂಡಾದರೆ ಆ ಸಂದಿನಲ್ಲಿ ಉರುಳಿಕೊಂಡು ಹೋಗಬಹುದು. ಒಂದು ಅಕ್ಷರವನ್ನೂ ತೋರಿಸದೆ ಆಟ ಎರಡು ಪಾಠ ಹೇಳಿತ್ತು. ಈ ಲೋಕದಲ್ಲಿ ಎಲ್ಲಾ ಕಡೆಗೂ ದಾರಿ ಇದೆ. ಈಗ ಹೋಗಲಾಗದ ಕಡೆಗೆ ಆಮೇಲೆ ಹೋಗಬಹುದು.

ಈ ಜಾತಿಯ ಆಟಗಳಿಗೆ ಮೆಟ್ರಾಯ್ಡ್‌ವೇನಿಯಾ ಅನ್ನುತ್ತಾರೆ. ಮೆಟ್ರಾಯ್ಡ್ ಮತ್ತು ಕ್ಯಾಸಲ್‌ವೇನಿಯಾ ಅನ್ನುವ ಎರಡು ಹೆಸರು ಸೇರಿ ಆದ ಪದ. ಹಂತ ಒಂದು, ಹಂತ ಎರಡು ಅಂತ ಇರುವುದಿಲ್ಲ. ಇಡೀ ಆಟವೇ ಒಂದು ದೊಡ್ಡ ಜಾಗ. ಅಲ್ಲಲ್ಲಿ ಮುಚ್ಚಿದ ಬಾಗಿಲು, ಕೈಗೆಟುಕದ ಕಟ್ಟೆ. ಹೊಸ ಶಕ್ತಿ ಸಿಕ್ಕ ಮೇಲೆ ಹಳೇ ಜಾಗಕ್ಕೆ ವಾಪಸ್ ಬರಬೇಕು. ನಾನು ಇವುಗಳನ್ನು ಅಳೆಯುವುದು ಒಂದೇ ಲೆಕ್ಕದಲ್ಲಿ. ಆಟ ನಿಲ್ಲಿಸಿ ಅಡುಗೆಮನೆಗೆ ಹೋದ ಮೇಲೂ ಆ ಮುಚ್ಚಿದ ಬಾಗಿಲು ನನ್ನ ತಲೆಯಲ್ಲಿ ಇರಬೇಕು. ಇದ್ದರೆ ಅದು ಒಳ್ಳೆಯ ಆಟ.

ನಾನು ಕೆಲಸ ಮಾಡುವುದು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ. ಪ್ಯಾಂಟಿನ ಪ್ಯಾಟರ್ನ್ ಬರೆಯುವ ಕೆಲಸ. ಮಂದ ಕಾಗದದ ಮೇಲೆ ಚಪ್ಪಟೆಯಾಗಿ ಬರೆದ ತುಂಡುಗಳು ಮೈಮೇಲೆ ಹೇಗೆ ಕೂರುತ್ತವೆ ಅಂತ ದಿನವಿಡೀ ತಲೆಯಲ್ಲೇ ಮಡಚುತ್ತಾ ಇರುತ್ತೇನೆ. ಈ ಆಟಗಳ ಹುಚ್ಚು ಹಿಡಿದಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಮೊದಲ ಮೆಟ್ರಾಯ್ಡ್‌ನಲ್ಲಿ ಮ್ಯಾಪ್ ಇಲ್ಲ. ಒಂದರ ಹಾಗೆ ಇನ್ನೊಂದು ಕೋಣೆ, ಒಂದೇ ಥರದ ಉದ್ದ ಬಾವಿಗಳು. ಮಿಕ್ಕ ಪ್ಯಾಟರ್ನ್ ಕಾಗದವನ್ನು ಮನೆಗೆ ತಂದು, ನೆಲದ ಮೇಲೆ ಹಾಸಿ, ನಾನು ಮತ್ತು ಪುಟ್ಟು ಪೆನ್ಸಿಲ್‌ನಲ್ಲಿ ಮ್ಯಾಪ್ ಬರೆದೆವು. ಅವನು ಬಾಗಿಲುಗಳಿಗೆ ಬಣ್ಣ ಹಚ್ಚುತ್ತಿದ್ದ. ಆ ವಾರ ತುಂಬಾ ಚೆನ್ನಾಗಿತ್ತು. ಆದರೂ ಇವತ್ತು ಹೊಸದಾಗಿ ಆಡುವವರಿಗೆ ಈ ಆಟದಿಂದ ಶುರು ಮಾಡಿ ಅಂತ ಹೇಳಲಾರೆ. ಸತ್ತು ಮತ್ತೆ ಶುರು ಮಾಡಿದಾಗಲೆಲ್ಲಾ ಶಕ್ತಿ 30ಕ್ಕೆ ಇಳಿದಿರುತ್ತೆ. ಅದನ್ನು ತುಂಬಿಸಿಕೊಳ್ಳಲು ಸಣ್ಣ ಹುಳುಗಳಿಗೆ ಗುಂಡು ಹೊಡೆಯುತ್ತಾ ನಿಲ್ಲಬೇಕು. ಆ ಹೊತ್ತು ದಂಡ.

1994ರ 'ಸೂಪರ್ ಮೆಟ್ರಾಯ್ಡ್' ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ನನ್ನ ತಮ್ಮ ಸಿಂಗಾಪುರದಿಂದ ಬರುವಾಗ ಸ್ವಿಚ್ ಅನ್ನುವ ಗೇಮ್ ಯಂತ್ರ ತಂದುಕೊಟ್ಟಿದ್ದ. ಅದರಲ್ಲಿ ಹಳೇ ಆಟಗಳ ಜೊತೆ ಇದೂ ಇತ್ತು. ಶುರುವಿನ ಕಥೆ ಬಿಟ್ಟರೆ ಇದರಲ್ಲಿ ಓದುವ ಮಾತು ಬಹಳ ಕಡಿಮೆ. ಪುಟ್ಟು ಕನ್ನಡ ಮೀಡಿಯಂ ಹುಡುಗ. ಇಂಗ್ಲಿಷ್ ಡೈಲಾಗ್ ಜಾಸ್ತಿ ಇರುವ ಆಟಗಳಲ್ಲಿ ಅವನು ನನ್ನ ಮುಖ ನೋಡುತ್ತಾ ಕೂರಬೇಕು. ಇಲ್ಲಿ ಹಾಗಲ್ಲ. ನನಗೆ ತಿಳಿದಷ್ಟು ಅವನಿಗೂ ತಿಳಿಯುತ್ತೆ.

ಒಂದು ಕಡೆ ನಾವು ಆಳವಾದ ಗುಂಡಿಗೆ ಬಿದ್ದೆವು. ಮೇಲೆ ಬರಲು ಮೆಟ್ಟಿಲಿಲ್ಲ, ಏಣಿ ಇಲ್ಲ. ಕೆಳಗೆ ಮೂರು ಪುಟ್ಟ ಪ್ರಾಣಿಗಳಿವೆ. ಅವು ಯಾರಿಗೂ ತೊಂದರೆ ಕೊಡುವುದಿಲ್ಲ. ಸುಮ್ನೆ ಈ ಗೋಡೆಗೆ ಒದ್ದು ಆ ಗೋಡೆಗೆ, ಆ ಗೋಡೆಗೆ ಒದ್ದು ಈ ಗೋಡೆಗೆ ಹಾರುತ್ತಾ ಮೇಲೆ ಹೋಗುತ್ತವೆ. ನಾನು ಇದು ಆಟದವರು ಅಂದಕ್ಕೆ ಇಟ್ಟಿದ್ದು ಅಂದುಕೊಂಡೆ. ಪುಟ್ಟು ಹತ್ತು ನಿಮಿಷ ಅವನ್ನೇ ನೋಡಿದ. ಆಮೇಲೆ ಪ್ಯಾಡ್ ಕೇಳಿದ. ಅವನ ಬೆರಳು ಮೂವತ್ತು ಸಲ ತಪ್ಪಿತು. ಮೂವತ್ತೊಂದನೇ ಸಲ ಸ್ಯಾಮಸ್ ಗೋಡೆಗೆ ಒದ್ದು ಮೇಲೆ ಹಾರಿದಳು. ಆ ಶಕ್ತಿ ಶುರುವಿನಿಂದಲೂ ಅವಳ ಹತ್ತಿರ ಇತ್ತು! ನಮಗೆ ಗೊತ್ತಿರಲಿಲ್ಲ ಅಷ್ಟೇ. ಆಟ ಹೊಸದಾಗಿ ಏನನ್ನೂ ಕೊಟ್ಟಿರಲಿಲ್ಲ, ನೋಡಿ ಕಲಿಯಲು ಬಿಟ್ಟಿತ್ತು. ಇದಕ್ಕಿಂತ ದೊಡ್ಡ ಮರ್ಯಾದೆಯನ್ನು ಆಟವೊಂದು ಆಡುವವರಿಗೆ ಕೊಟ್ಟಿದ್ದು ನಾನು ಕಂಡಿಲ್ಲ.

ಇನ್ನೊಂದು ಜಾಗ ಇದೆ. ಗಾಜಿನ ಕೊಳವೆಯೊಳಗೆ ನಡೆದು ಹೋಗುತ್ತೇವೆ, ಸುತ್ತ ನೀರು. ಹೊರಗೆ ಒಂದು ಲೋಕವೇ ಕಾಣುತ್ತೆ, ಆದರೆ ಅಲ್ಲಿಗೆ ಬಾಗಿಲಿಲ್ಲ. ಅದನ್ನು ದಾಟಿ ಎಷ್ಟೋ ಸಲ ಓಡಾಡಿದೆವು. ಮುಂದೆ ಯಾವಾಗಲೋ ಪವರ್ ಬಾಂಬ್ ಸಿಕ್ಕಿತು. ಆವತ್ತು ರಾತ್ರಿ ಊಟಕ್ಕೆ ಕೂತಾಗ ಪುಟ್ಟು ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದ. "ಅತ್ತೆ, ಆ ಗಾಜು ಒಡೀತದೇನು?" ಊಟ ಮುಗಿಸಿ ಹೋಗಿ ಬಾಂಬ್ ಇಟ್ಟೆವು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗಾಜು ಬಿರುಕು ಬಿಟ್ಟು ಪೂರ್ತಿ ಒಡೆದು ಹೋಯಿತು. ಅವನು ಮಂಚದ ಮೇಲೆ ಎದ್ದು ಕುಣಿದ.

ಕೊನೆಯಲ್ಲಿ ಗ್ರಹ ಸಿಡಿಯುವ ಮೊದಲು ಓಡಿ ಪಾರಾಗಲು ಮೂರೇ ನಿಮಿಷ. ಆ ಓಟದಲ್ಲಿ ದಾರಿ ತಪ್ಪಿಸಿ ಒಂದು ಬದಿ ಕೋಣೆಗೆ ಹೋದರೆ, ನಮಗೆ ಹಾರುವುದು ಕಲಿಸಿದ ಆ ಪ್ರಾಣಿಗಳು ಅಲ್ಲಿ ಸಿಕ್ಕಿಕೊಂಡಿರುತ್ತವೆ. ಬಿಡಿಸಲೇಬೇಕು ಅಂತ ಆಟ ಹೇಳುವುದಿಲ್ಲ. ಪುಟ್ಟು ಬಿಡಿಸದೆ ಹೋಗಲು ಒಪ್ಪಲಿಲ್ಲ. ಎರಡು ಸಲ ಸತ್ತೆವು, ಮೂರನೇ ಸಲ ಬಿಡಿಸಿದೆವು.

ಇದೇ ಸಾಲಿನಲ್ಲಿ 2021ರಲ್ಲಿ ಬಂದ 'ಮೆಟ್ರಾಯ್ಡ್ ಡ್ರೆಡ್' ಕೈಗೆ ಬೆಣ್ಣೆಯಂತೆ ಒಗ್ಗುತ್ತೆ. ಓಟ, ಜಾರು, ಗುರಿ, ಎಲ್ಲಾ ಚೊಕ್ಕ. ಆದರೆ ನಾವು ದಾರಿ ತಪ್ಪಬಾರದು ಅಂತ ಹಿಂದಿನ ದಾರಿಯನ್ನು ಅದೇ ಮುಚ್ಚಿಬಿಡುತ್ತೆ. ಮುಂದಿನ ಜಾಗಕ್ಕೆ ನಾನಾಗಿ ಹೋದೆನಾ, ಅದು ತಳ್ಳಿತಾ ಅಂತ ತಿಳಿಯುವುದಿಲ್ಲ. ಕಳೆದುಹೋಗಲು ಬಿಡದ ಆಟದಲ್ಲಿ ದಾರಿ ಹುಡುಕಿದ ಖುಷಿಯೂ ಸಿಗಲ್ಲ, ಅಲ್ವಾ?

'ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್' 1997ರದ್ದು, ಪ್ಲೇಸ್ಟೇಷನ್‌ಗೆ ಬಂದಿದ್ದು. ನಾನು ಆಡಿದ್ದು ಫೋನಿನಲ್ಲಿ, 2020ರಲ್ಲಿ ಫೋನಿಗೆ ಬಂದ ಮೇಲೆ. ಹೊಸಪೇಟೆಗೆ ಹೋಗಿ ಬರುವ ಬಸ್ಸಿನಲ್ಲಿ ಜಾಸ್ತಿ ಆಡಿದೆ. ಗಾಜಿನ ಮೇಲೆ ಬೆರಳಿಟ್ಟು ಆಡುವುದು ಕಷ್ಟ. ಬಸ್ ಕುಲುಕಿದಾಗ ಹಾರಬೇಕಾದ ನಾಯಕ ಹೊಡೆಯುತ್ತಾನೆ. ಬ್ಲೂಟೂತ್ ಪ್ಯಾಡ್ ಇದ್ದರೆ ಮಾತ್ರ ಫೋನಿನಲ್ಲಿ ಆಡಿ.

ಡ್ರಾಕುಲಾನ ಮಗ ಅಲುಕಾರ್ಡ್ ಅಪ್ಪನ ಕೋಟೆಗೆ ಬರುತ್ತಾನೆ. ಒಂದೊಂದು ಭಾಗಕ್ಕೂ ಬೇರೆ ಬೇರೆ ಸಂಗೀತ. ಮಿಚಿರು ಯಮಾನೆ ಮಾಡಿದ ಆ ರಾಗಗಳು ಯೂನಿಟ್‌ನಲ್ಲಿ ಕೆಲಸ ಮಾಡುವಾಗಲೂ ನನ್ನ ಬಾಯಲ್ಲಿ ಇರುತ್ತಿದ್ದವು. ಕೋಟೆ ಹೆಚ್ಚುಕಡಿಮೆ ಮುಗಿಯಿತು, ರಿಕ್ಟರ್ ಅನ್ನುವವನನ್ನು ಸೋಲಿಸಿದೆ, ಕಥೆ ಮುಗಿಯಿತು. ಇಷ್ಟೇನಾ ಅಂದುಕೊಂಡೆ. ಆಟದಲ್ಲಿ ಒಂದು ಕನ್ನಡಕ ಇತ್ತು. ಅದನ್ನು ಹಾಕಿಕೊಂಡು ನೋಡಿದರೆ ರಿಕ್ಟರ್‌ನ ಮೇಲೆ ತೇಲುವ ಒಂದು ಗೋಳ ಕಾಣುತ್ತೆ. ಹೊಡೆಯಬೇಕಾಗಿದ್ದು ಅದನ್ನು, ಅವನನ್ನಲ್ಲ. ಹೊಡೆದರೆ ಆಕಾಶದಲ್ಲಿ ಇನ್ನೊಂದು ಕೋಟೆ ಕಾಣಿಸುತ್ತೆ. ಅದೇ ಕೋಟೆ, ತಲೆಕೆಳಗಾಗಿ!

ಹೊಲಿದ ಪ್ಯಾಂಟನ್ನು ಉಲ್ಟಾ ಮಾಡಿ ನೋಡುವುದು ನನ್ನ ನಿತ್ಯದ ಕೆಲಸ. ಒಳಗಿನ ಹೊಲಿಗೆ ಚೊಕ್ಕ ಇದ್ದರೆ ಮಾತ್ರ ಹೊರಗೆ ನಂಬುತ್ತೇನೆ. ಈ ಕೋಟೆಯನ್ನು ಎರಡು ಕಡೆಯಿಂದಲೂ ನಡೆಯಲು ಬರುವ ಹಾಗೆ ಕಟ್ಟಿದ್ದಾರೆ. ಮೊದಲು ಛಾವಣಿಯಾಗಿದ್ದ ಕಮಾನು ಈಗ ನೆಲ. ಇಳಿದ ಮೆಟ್ಟಿಲು ಈಗ ನೆತ್ತಿಯ ಮೇಲೆ. ಮ್ಯಾಪಿನ ಲೆಕ್ಕ ನೂರಕ್ಕೆ ನಿಲ್ಲದೆ 200.6ರವರೆಗೆ ಹೋಗುತ್ತೆ. ಕೊರತೆ ಇದೆ. ಒಳ್ಳೆಯ ಕತ್ತಿಗಳು ಸಿಕ್ಕ ಮೇಲೆ ಆಟ ತೀರಾ ಸುಲಭ. ಕ್ರಿಸೇಗ್ರಿಮ್ ಅನ್ನುವ ಕತ್ತಿ ಹಿಡಿದರೆ ಕೊನೆಯ ಶತ್ರುಗಳೂ ಕ್ಷಣದಲ್ಲಿ ಕರಗುತ್ತಾರೆ. ನಾನಂತೂ ಅದನ್ನು ತೆಗೆದಿಟ್ಟು ಸಣ್ಣ ಕತ್ತಿಯಲ್ಲೇ ಮುಗಿಸಿದೆ.

ಕೋಟೆ ಅಂದಾಗ ನಮ್ಮೂರ ಗುಡ್ಡ ನೆನಪಾಗುತ್ತೆ. ಚಿಕ್ಕಂದಿನಲ್ಲಿ ಭಾನುವಾರ ಬೆಳಿಗ್ಗೆ ಅಪ್ಪ ನಮ್ಮನ್ನು ಬಳ್ಳಾರಿ ಕೋಟೆಗೆ ಹತ್ತಿಸುತ್ತಿದ್ದರು. ಅಪ್ಪ ದಾರಿ ತೋರಿಸುತ್ತಿರಲಿಲ್ಲ. "ನೀವೇ ಹುಡುಕ್ರಿ" ಅಂತ ಬಂಡೆಯ ನೆರಳಲ್ಲಿ ಕೂರುತ್ತಿದ್ದರು. ಮೇಲೆ ನಿಂತರೆ ಕುಂಬಾರ ಗುಡ್ಡ ಎದುರಿಗೇ ಕಾಣುತ್ತೆ. ಕೋಟೆಗಿಂತ ಆ ಗುಡ್ಡ ಎತ್ತರ ಇರುವುದನ್ನು ನೋಡದೆ ಕಟ್ಟಿದ ಅಂತ ಫ್ರೆಂಚ್ ಎಂಜಿನಿಯರ್‌ನನ್ನು ಹೈದರಾಲಿ ಗಲ್ಲಿಗೆ ಹಾಕಿಸಿದ ಅನ್ನುವ ಕಥೆ ಊರಲ್ಲಿ ಎಲ್ಲರಿಗೂ ಗೊತ್ತು. ನಮಗೆ ಆ ಕಥೆಗಿಂತ ಆ ಗುಡ್ಡಕ್ಕೆ ಯಾವಾಗ ಹೋಗುವುದು ಅನ್ನುವುದೇ ಚಿಂತೆ. ಕಣ್ಣಿಗೆ ಕಾಣುತ್ತೆ, ಕಾಲಿಗೆ ಸಿಗಲ್ಲ. ಈ ಆಟಗಳನ್ನು ಕಟ್ಟುವವರಿಗೆ ಆ ಆಸೆ ಚೆನ್ನಾಗಿ ಗೊತ್ತು.

ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿಗೆ. ಜನರಿಂದ ಸುಮಾರು 57 ಸಾವಿರ ಆಸ್ಟ್ರೇಲಿಯನ್ ಡಾಲರ್ ಕೂಡಿಸಿ, ಕೆಲವೇ ಜನ ಸೇರಿ ಮಾಡಿದ 'ಹಾಲೋ ನೈಟ್' 2017ರಲ್ಲಿ ಬಂತು. ಹುಳುಗಳ ಒಂದು ಹಾಳು ರಾಜ್ಯ. ನಾವೂ ಒಂದು ಪುಟ್ಟ ಹುಳು, ಕೈಯಲ್ಲಿ ಮೊಳೆಯಂಥ ಕತ್ತಿ.

ಇಲ್ಲಿ ಮ್ಯಾಪ್ ಸುಮ್ನೆ ಸಿಗುವುದಿಲ್ಲ. ಹೊಸ ಜಾಗಕ್ಕೆ ಹೋದಾಗ ಕೈ ಖಾಲಿ. ಎಲ್ಲೋ ಯಾರೋ ಗುನುಗುವುದು ಕೇಳಿಸುತ್ತೆ. ನೆಲದ ಮೇಲೆ ಹರಿದ ಕಾಗದದ ಚೂರುಗಳು. ಅವುಗಳ ಹಿಂದೆ ಹೋದರೆ ಕಾರ್ನಿಫರ್ ಅನ್ನುವ ದಪ್ಪ ಹುಳು ಕೂತು ಮ್ಯಾಪ್ ಬರೆಯುತ್ತಿರುತ್ತಾನೆ. ದುಡ್ಡು ಕೊಟ್ಟು ತಗೊಂಡರೂ ಅದು ಅರ್ಧಂಬರ್ಧ. ಮಿಕ್ಕಿದ್ದನ್ನು ನಾವು ನಡೆದು, ಗರಿ ಪೆನ್ನು ಕೊಂಡುಕೊಂಡು, ಬೆಂಚಿನ ಮೇಲೆ ಕೂತಾಗ ಮಾತ್ರ ತುಂಬಿಸಬಹುದು. ನಾವು ಎಲ್ಲಿದ್ದೇವೆ ಅಂತ ಮ್ಯಾಪಿನಲ್ಲಿ ಕಾಣಬೇಕಾದರೆ ದಿಕ್ಸೂಚಿಯ ತಾಯಿತ ಬೇಕು. ಅದು ಹಾಕಿಕೊಂಡರೆ ಬೇರೆ ತಾಯಿತಕ್ಕೆ ಒಂದು ಜಾಗ ಕಡಿಮೆ. ಮೊದಮೊದಲು ಇದೆಲ್ಲ ಕಿರಿಕಿರಿ. ಹತ್ತು ಗಂಟೆ ಆಡಿದ ಮೇಲೆ ದಿಕ್ಸೂಚಿ ತೆಗೆದಿಟ್ಟೆ. ಅಷ್ಟೊತ್ತಿಗೆ ಜಾಗ ಕಾಲಿಗೆ ಗೊತ್ತಾಗಿತ್ತು.

ಸಿಟಿ ಆಫ್ ಟಿಯರ್ಸ್ ಅನ್ನುವ ಊರಿಗೆ ನಾನು ಹೋಗಿದ್ದು ಏಪ್ರಿಲ್ ತಿಂಗಳಲ್ಲಿ. ಹೊರಗೆ ಬಳ್ಳಾರಿ ಬಿಸಿಲು, ರಾತ್ರಿ ಒಂಬತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ. ಹೆಡ್‌ಫೋನ್‌ನಲ್ಲಿ ಮಾತ್ರ ಮಳೆ. ನೆಲದಡಿಯ ಊರಿನಲ್ಲಿ ನಿಲ್ಲದ ಮಳೆ, ಕ್ರಿಸ್ಟೋಫರ್ ಲಾರ್ಕಿನ್ ಅವರ ಮೆಲ್ಲನೆಯ ಸಂಗೀತ. ಒಂದು ಬೆಂಚಿನ ಮೇಲೆ ಸುಮ್ನೆ ಕೂತಿದ್ದೆ. ನೆಲದಡಿಯಲ್ಲಿ ಮಳೆ ಹೇಗೆ ಬರುತ್ತೆ ಅಂತ ಕೇಳಬೇಕು ಅಂತಲೂ ಅನ್ನಿಸಲಿಲ್ಲ. ಎಷ್ಟೋ ದಿನ ಆದ ಮೇಲೆ ಬೇರೊಂದು ದಾರಿಯಲ್ಲಿ ಹೋಗಿ ಒಂದು ದೊಡ್ಡ ನೀಲಿ ಸರೋವರದ ದಡದಲ್ಲಿ ನಿಂತೆ. ಮ್ಯಾಪ್ ತೆಗೆದು ನೋಡಿದೆ. ಆ ಊರಿನ ನೆತ್ತಿಯ ಮೇಲೆ ಇದ್ದೆ. ಈ ಕೆರೆ ಸೋರಿಯೇ ಆ ಮಳೆ! ನಮ್ಮ ನಲ್ಲಿಗೆ ನೀರು ಬರುವ ಅಲ್ಲೀಪುರ ಕೆರೆಯನ್ನು ಮೊದಲ ಸಲ ನೋಡಿದಾಗ, ಓ, ಇಲ್ಲಿಂದಲಾ ಅಂತ ಅನ್ನಿಸಿತ್ತಲ್ಲ, ಅದೇ ಥರ.

ಒಂದು ತೊಂದರೆ ಹೇಳಲೇಬೇಕು. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಹೋಗಿದೆ, ಚಾರ್ಜರ್ ಹಾಕಿಯೇ ಆಡಬೇಕು. ಕರೆಂಟ್ ಹೋದರೆ ಹಿಂದಿನ ಬೆಂಚಿನಿಂದ ಮತ್ತೆ ನಡೆಯಬೇಕು. ಕೆಲವು ಕಡೆ ಬೆಂಚು ಬಹಳ ದೂರ. ಡೀಪ್‌ನೆಸ್ಟ್ ಅನ್ನುವ ಕತ್ತಲ ಜಾಗದಲ್ಲಿ ಹೀಗಾದಾಗ ಎರಡು ದಿನ ಆಟ ಮುಟ್ಟಲಿಲ್ಲ.

ಈ ವಿಷಯದಲ್ಲಿ 2015ರ 'ಓರಿ ಅಂಡ್ ದಿ ಬ್ಲೈಂಡ್ ಫಾರೆಸ್ಟ್' ದೊಡ್ಡ ಉಪಕಾರ ಮಾಡುತ್ತೆ. ಒಂದಿಷ್ಟು ಶಕ್ತಿ ಖರ್ಚು ಮಾಡಿದರೆ ಹೆಚ್ಚುಕಡಿಮೆ ನಿಂತ ಕಡೆಯೇ ಸೇವ್ ಮಾಡಬಹುದು. ನಮ್ಮಂಥ ಊರಿಗೆ ಇದು ಸಣ್ಣ ಮಾತಲ್ಲ. ಕಾಡು, ಬೆಳಕು, ನೀರು, ಎಲ್ಲಾ ಕೈಯಲ್ಲಿ ಬರೆದ ಚಿತ್ರದ ಹಾಗಿದೆ. ಶತ್ರುವಿನ ಗುಂಡನ್ನೇ ಹಿಡಿದು ಚಿಮ್ಮುವ ವಿದ್ಯೆ ಕೈಗೆ ಕೂತ ಮೇಲೆ ನೆಲ ಮುಟ್ಟಲು ಮನಸ್ಸೇ ಬರಲ್ಲ. ಆದರೆ ಗಿನ್ಸೋ ಮರದಲ್ಲಿ ಕೆಳಗಿನಿಂದ ನೀರು ಏರುತ್ತಾ ಬರುವಾಗ ಮಧ್ಯದಲ್ಲಿ ಸೇವ್ ಮಾಡಲು ಬಿಡುವುದಿಲ್ಲ. ಮರದ ತುದಿ ಕಂಡಿತ್ತು, ಕರೆಂಟ್ ಹೋಯಿತು. ಕೊಳ್ಳುವವರು 2016ರ ಡೆಫಿನಿಟಿವ್ ಎಡಿಷನ್ ಕೊಳ್ಳಿ. ದೂರದ ಜಾಗಗಳಿಗೆ ಥಟ್ಟನೆ ಹೋಗುವ ಸೌಲಭ್ಯ ಬಂದಿದ್ದು ಅದರಲ್ಲೇ.

'ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್' 2024ರ ಜನವರಿಯಲ್ಲಿ ಬಂತು. ಇದರಲ್ಲಿ ಒಂದು ಹೊಸ ಯೋಚನೆ ಇದೆ. ಹೋಗಲಾಗದ ಜಾಗ ಕಂಡರೆ ಅಲ್ಲೇ ಒಂದು ಫೋಟೋ ತೆಗೆದು ಮ್ಯಾಪಿಗೆ ಅಂಟಿಸಬಹುದು. ಮೊದಲು ನನಗೆ ಹಿಡಿಸಲಿಲ್ಲ. ನೆನಪಿಟ್ಟುಕೊಳ್ಳುವುದೇ ಈ ಆಟಗಳ ಸಾರ, ಅದನ್ನೂ ಯಂತ್ರಕ್ಕೆ ಕೊಟ್ಟರೆ ಹೇಗೆ ಅಂತ. ಆಮೇಲೆ ದೀಪಾವಳಿ ಮುಂಚಿನ ಆರ್ಡರ್ ಗಡಿಬಿಡಿಯಲ್ಲಿ ಮೂರು ವಾರ ಆಡಲಾಗಲಿಲ್ಲ. ವಾಪಸ್ ಬಂದಾಗ ಆ ಫೋಟೋಗಳು ನನ್ನನ್ನು ಕಾಪಾಡಿದವು. ದಿನಾ ಆಡಲು ಹೊತ್ತಿಲ್ಲದವರಿಗೆ ಇದು ಬೇಕು. ಅಭಿಪ್ರಾಯ ಬದಲಿಸಿಕೊಂಡಿದ್ದೇನೆ.

ಇನ್ನೊಂದು ಮಾತು. ಈ ಆಟವನ್ನು ಫಾರ್ಸಿ ಮಾತಿನಲ್ಲಿ ಕೇಳುತ್ತಾ ಆಡಬಹುದು. ಆ ನಾಡಿನ ಕಥೆಗೆ ಆ ನಾಡಿನ ನುಡಿ. ನನಗೆ ಒಂದು ಪದ ಅರ್ಥವಾಗದಿದ್ದರೂ ಕೆಳಗೆ ಇಂಗ್ಲಿಷ್ ಓದುತ್ತಾ ಹಾಗೇ ಆಡಿದೆ. ಕನ್ನಡದಲ್ಲಿ ಮಾತಾಡುವ ಇಂಥದೊಂದು ಆಟ ಬೇಕು ಅಂತ ಅವತ್ತು ತುಂಬಾ ಅನ್ನಿಸಿತು. ಪುಟ್ಟು ನನ್ನ ಮುಖ ನೋಡದೆ ಆಡುವಂಥದ್ದು.

ಅಲ್ಲಿಯವರೆಗೆ ಅವನಿಗೆ 'ಅನಿಮಲ್ ವೆಲ್' ಇದೆ. ಬಿಲ್ಲಿ ಬ್ಯಾಸೋ ಅನ್ನುವ ಒಬ್ಬರೇ ಸುಮಾರು ಏಳು ವರ್ಷ ಕೂತು ಮಾಡಿ 2024ರ ಮೇ ತಿಂಗಳಲ್ಲಿ ತಂದ ಆಟ. 40 ಎಂಬಿಗಿಂತ ಚಿಕ್ಕದು. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಚಹಾ ಕುದಿಯುವಷ್ಟರಲ್ಲಿ ಇಳಿಯಿತು. ಕತ್ತಿ ಇಲ್ಲ, ಬಂದೂಕಿಲ್ಲ, ಕಥೆ ಹೇಳುವ ಮಾತೂ ಇಲ್ಲ. ಕತ್ತಲ ಬಾವಿಯಂಥ ಲೋಕದಲ್ಲಿ ನಾವೊಂದು ಸಣ್ಣ ಮುದ್ದೆ. ಸಿಗುವುದೆಲ್ಲ ಮಕ್ಕಳ ಆಟಿಕೆಗಳು: ಗುಳ್ಳೆ ಊದುವ ಕಡ್ಡಿ, ಯೋಯೋ, ಎಸೆಯುವ ತಟ್ಟೆ. ಊದಿದ ಗುಳ್ಳೆಯ ಮೇಲೆ ನಿಲ್ಲಬಹುದು ಅಂತ ಯಾರೂ ಹೇಳಿಕೊಡಲ್ಲ. ಒಂದು ದೆವ್ವ ಅಟ್ಟಿಸಿಕೊಂಡು ಬಂದಾಗ ಹಿಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ "ಪಟಾಕಿ ಐತಲ್ಲ, ಹಚ್ಚು" ಅಂದರು. ಹಚ್ಚಿದೆವು, ದೆವ್ವ ಓಡಿತು. ಆವತ್ತಿನಿಂದ ಮೂವರೂ ಕೂತು ಆಡುತ್ತೇವೆ. ಎಲ್ಲಾ ವಯಸ್ಸಿನವರೂ ಒಂದೇ ಸಾಲಿನಲ್ಲಿ ಕೂತು ತಲೆ ಕೆಡಿಸಿಕೊಳ್ಳಬಹುದಾದ ಆಟ ಇದೊಂದೇ ನನಗೆ ಸಿಕ್ಕಿರುವುದು.

ದುಡ್ಡು ಹಾಕಲು ಮನಸ್ಸಿಲ್ಲದವರು 2004ರ 'ಕೇವ್ ಸ್ಟೋರಿ' ನೋಡಿ. ಜಪಾನಿನ ಡೈಸುಕೆ ಅಮಾಯಾ ಒಬ್ಬರೇ ಐದು ವರ್ಷ ಮಾಡಿ ಪುಕ್ಕಟೆ ಕೊಟ್ಟ ಆಟ. ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತೆ. ಮಾತು ಜಾಸ್ತಿ, ಇಂಗ್ಲಿಷ್ ಓದಲು ಬರಬೇಕು.

ಈಗ ಆಡುತ್ತಿರುವುದು ಹಾಲೋ ನೈಟ್‌ನ ಮುಂದಿನ ಆಟ 'ಸಿಲ್ಕ್‌ಸಾಂಗ್'. ಮಾಡುತ್ತಿದ್ದೇವೆ ಅಂತ 2019ರಲ್ಲಿ ಹೇಳಿದ ಆಟ 2025ರ ಸೆಪ್ಟೆಂಬರ್ 4ಕ್ಕೆ ಬಂತು. ಈ ಸಲ ನಾವು ಹಾರ್ನೆಟ್ ಅನ್ನುವವಳು. ಹಾಲೋ ನೈಟ್‌ನ ಪುಟ್ಟ ಹುಳುಕ್ಕಿಂತ ಇವಳು ಬಹಳ ಚುರುಕು. ಕೆಳಗೆ ಹೊಡೆದರೆ ನೇರ ಹೋಗದೆ ಓರೆಯಾಗಿ ಚುಚ್ಚುತ್ತಾಳೆ. ಹಳೇ ಆಟಕ್ಕೆ ಒಗ್ಗಿದ ನನ್ನ ಬೆರಳು ಒಂದು ವಾರ ಒದ್ದಾಡಿತು. ತುಂಬಾ ಕಷ್ಟದ ಆಟ. ಬಹಳಷ್ಟು ಶತ್ರುಗಳ ಒಂದು ಏಟಿಗೆ ಎರಡು ಪ್ರಾಣ ಹೋಗುತ್ತೆ. ಹಂಟರ್ಸ್ ಮಾರ್ಚ್‌ನಲ್ಲಿ ದಣಿದು ಬಂದು ಬೆಂಚಿನ ಮೇಲೆ ಕೂತರೆ ಬೆಂಚೇ ಬಲೆ. ಅದು ನನಗೆ ನೋವಾಯಿತು. ಇಂಥ ಆಟದಲ್ಲಿ ಬೆಂಚನ್ನಾದರೂ ನಂಬಬೇಕಲ್ಲವಾ? ಆದರೂ ಬಿಡಲಾಗುತ್ತಿಲ್ಲ. ಹಾಡುತ್ತಾ ಅಲೆಯುವ ಶಕ್ರಾ ಅನ್ನುವವಳು ಮ್ಯಾಪ್ ಮಾರುತ್ತಾಳೆ. ಅವಳ ದನಿ ದೂರದಿಂದ ಕೇಳಿದರೆ ಅಮ್ಮನೂ ಕತ್ತೆತ್ತಿ ನೋಡುತ್ತಾರೆ. ಹಾಲೋ ನೈಟ್ ಮುಗಿಸದವರು ದಯವಿಟ್ಟು ಇದರಿಂದ ಶುರು ಮಾಡಬೇಡಿ.

ಸದ್ಯ ಬೈಲ್‌ವಾಟರ್ ಅನ್ನುವ ಕೊಳಕು ನೀರಿನ ಜಾಗದಲ್ಲಿ ಇದ್ದೇನೆ. ಪುಟ್ಟು ಪ್ಯಾಟರ್ನ್ ಕಾಗದದ ಮೇಲೆ ಮತ್ತೆ ಮ್ಯಾಪ್ ಬರೆಯುತ್ತಿದ್ದಾನೆ. ಈಗ ಅವನು ಏಳನೇ ಕ್ಲಾಸು. ಅಲ್ಲಿ ಎಲ್ಲೋ ಒಂದು ಬೆಂಚು ಅಡಗಿದೆ ಅಂತ ಮಾತ್ರ ನಮಗೆ ಗೊತ್ತು. ಎಲ್ಲಿ ಅಂತ ಗೊತ್ತಿರುವವರು ನಮಗೆ ಹೇಳಬೇಡಿ.